ಬೈಕಿನ ಸ್ಪ್ರಿಂಗಿಗೆ ಸಾಲ ಬೇಕೇ?

ಕಳೆದ ಆಡಳಿತ ಮಂಡಳಿ ಸಭೆಯ ಮುಂದೆ ಹನ್ನೊಂದು ಮಂದಿ ಯುವ ಸದಸ್ಯರು ಸಹಿ ಮಾಡಿದ ಒಂದು ಅರ್ಜಿ ಬಂದಿತ್ತು. ತೋಟದ ಕೆಲಸಕ್ಕೆ ಬಳಸುವ ಮೋಟಾರು ಸೈಕಲ್ಲುಗಳಿಗೆ ಗ್ಯಾಸು ತುಂಬಿದ ಹೊಸ ಶಾಕ್ ಅಬ್ಸಾರ್ಬರುಗಳನ್ನೂ ಮುಂದಿನ ಫೋರ್ಕಿಗೆ ಗಟ್ಟಿ ಸ್ಪ್ರಿಂಗುಗಳನ್ನೂ ಹಾಕಿಸಿಕೊಳ್ಳಲು ಸಂಘವು ಸಾಲ ನೀಡಬೇಕೆಂಬುದು ಅದರ ಸಾರಾಂಶ. ಪಂಪುಸೆಟ್ಟಿಗೆ, ಪಲ್ಪರಿಗೆ, ಕಣಕ್ಕೆ ಸಾಲ ಕೊಡುವ ಸಂಘವು ಬೈಕಿಗೆ ಯಾಕೆ ಕೊಡಬಾರದು ಎಂದೂ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಮಂಡಳಿಯು ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡಿದೆ. ಅಷ್ಟರೊಳಗೆ ಸದಸ್ಯ ಬಂಧುಗಳ ಮುಂದೆ ನನ್ನ ಅಭಿಪ್ರಾಯವನ್ನು ಇಡುತ್ತಿದ್ದೇನೆ. ಇದು ಕಾರ್ಯದರ್ಶಿಯ ಸ್ವಂತ ಅಭಿಪ್ರಾಯವೇ ಹೊರತು ಮಂಡಳಿಯದಲ್ಲ.

ಮೊದಲೇ ಹೇಳಿಬಿಡುತ್ತೇನೆ: ಈ ಸಾಲ ಬೇಡ ಎಂಬ ಪಕ್ಷದವನು ನಾನು. ಆದರೆ ಅರ್ಜಿಯಲ್ಲಿ ಹೇಳಿರುವ ತೊಂದರೆ ಸುಳ್ಳೆಂದು ಯಾರೂ ಭಾವಿಸಬಾರದು. ಒಂದು ಕಾಲಕ್ಕೆ ತಲೆಹೊರೆಯಲ್ಲಿ, ಆಮೇಲೆ ಎತ್ತಿನ ಗಾಡಿಯಲ್ಲಿ, ಆಮೇಲೆ ಅನುಕೂಲಸ್ಥರ ಜೀಪಿನಲ್ಲಿ ಹೋಗುತ್ತಿದ್ದ ಭಾರವೆಲ್ಲ ಈಗ ಸಣ್ಣ ಹಿಡುವಳಿದಾರನ ಬೈಕಿನ ಹಿಂದಿನ ಕ್ಯಾರಿಯರಿನ ಮೇಲೆ ಹೋಗುತ್ತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರತಂದ ಜಾವಾ, ಯೆಜ್ಡಿಗಳ ಕಾಲದಲ್ಲಿ ಬೈಕು ಎಂದರೆ ಯಜಮಾನರು ಪೇಟೆಗೆ ಹೋಗಿ ಬರುವ ವಾಹನ. ಈಗ ಆಳುಗಳಿಲ್ಲ. ಗೊಬ್ಬರ, ಮೈಲುತುತ್ತ, ಸುಣ್ಣ, ಔಷಧಿ ಪಂಪು, ಕುಯ್ಲಿನ ಹಣ್ಣು, ಸುಲಿದ ಅಡಿಕೆ, ಕೊನೆಗಾರನ ದೋಟಿ, ಕೊನೆಗೆ ಕೊನೆಗಾರನೂ ಅದೇ ಬೈಕಿನಲ್ಲಿ ಬರಬೇಕು. ದಾರಿಯಾದರೋ ಮಳೆಗಾಲದಲ್ಲಿ ಕೊರಕಲು, ಬೇಸಿಗೆಯಲ್ಲಿ ಕಲ್ಲು ಎದ್ದ ಸೋಲಿಂಗು. ನಲವತ್ತು ದಾಟುವ ಮೊದಲೇ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡ ಸದಸ್ಯರು ನಮ್ಮಲ್ಲಿ ಎಷ್ಟು ಮಂದಿ ಎಂದು ವಾರ್ಷಿಕ ಸಭೆಯ ದಿನ ಸಾಲಿನಲ್ಲಿ ನಿಂತು ನೋಡಿದರೇ ತಿಳಿಯುತ್ತದೆ. ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಬರುವ ಮೇಲು ಕೆಳಗಿನ ಅದುರಾಟಕ್ಕೆ ಅತಿ ಸೂಕ್ಷ್ಮವೆಂದು ವೈದ್ಯರೂ ಇಂಜಿನಿಯರರೂ ಕಂಡುಕೊಂಡಿದ್ದಾರೆ. ಯುರೋಪಿನಲ್ಲಿ 2002ರಲ್ಲಿಯೇ ಟ್ರ್ಯಾಕ್ಟರು, ಲಾರಿ ಓಡಿಸುವ ಕೆಲಸಗಾರರ ಮೈಮೇಲೆ ದಿನಕ್ಕೆ ಎಷ್ಟು ಅದುರಾಟ ಬೀಳಬಹುದೆಂದು ಮಿತಿ ಹಾಕಿ ಕಾನೂನು ಮಾಡಿದರು. ನಮಗೆ ಅಂಥ ಮಿತಿ ಹಾಕುವವರು ಯಾರೂ ಇಲ್ಲ, ನಾವೇ ಹಾಕಿಕೊಳ್ಳಬೇಕು.

ಆದುದರಿಂದ ಪ್ರಶ್ನೆ ಇರುವುದು ಸಸ್ಪೆನ್ಷನ್ ಸರಿಪಡಿಸಬೇಕೇ ಬೇಡವೇ ಎಂಬುದಲ್ಲ. ಯಾವುದನ್ನು, ಯಾವ ಕ್ರಮದಲ್ಲಿ, ಎಷ್ಟು ಖರ್ಚಿನಲ್ಲಿ ಎಂಬುದು. ಅದಕ್ಕೆ ಆ ಸಾಮಾನು ಮಾಡುವ ಕೆಲಸವೇನೆಂದು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ.

ಶಾಕ್ ಅಬ್ಸಾರ್ಬರ್ ಎಂದು ನಾವು ಒಟ್ಟಾಗಿ ಕರೆಯುವ ವಸ್ತುವಿನಲ್ಲಿ ಎರಡು ಬೇರೆ ಬೇರೆ ಭಾಗಗಳಿವೆ. ಹೊರಗೆ ಕಾಣುವುದು ಸ್ಪ್ರಿಂಗು. ಅದು ಭಾರ ಹೊರುತ್ತದೆ, ಗುಂಡಿಯ ಹೊಡೆತವನ್ನು ನುಂಗಿಟ್ಟುಕೊಳ್ಳುತ್ತದೆ. ಆದರೆ ನುಂಗಿದ್ದನ್ನು ಅದು ಜೀರ್ಣಿಸಿಕೊಳ್ಳುವುದಿಲ್ಲ, ಮರುಕ್ಷಣವೇ ವಾಪಸು ಎಸೆಯುತ್ತದೆ. ಆ ಎಸೆತವನ್ನು ತಡೆಯುವುದು ಒಳಗಿನ ಕೊಳವೆಯ ಎಣ್ಣೆ. ಕೊಳವೆಯೊಳಗೆ ಪಿಸ್ಟನ್ನು ಓಡಾಡುವಾಗ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಗ್ಗಿ ಹೋಗಬೇಕು. ಆ ಶ್ರಮದಲ್ಲಿ ಹೊಡೆತದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಬೋರ್ಡೋ ಹೊಡೆಯುವ ಪಂಪಿಗೆ ಸಣ್ಣ ಕಣ್ಣಿನ ನೋಜಲ್ಲು ಹಾಕಿದಾಗ ಹಿಡಿ ಒತ್ತುವುದು ಎಷ್ಟು ಭಾರವೆಂದು ನಮಗೆಲ್ಲ ಗೊತ್ತು. ಅದೇ ಸಂಗತಿ ಇಲ್ಲಿಯೂ. ಎಣ್ಣೆ ಸೋರಿ ಹೋದ ಶಾಕ್ ಅಬ್ಸಾರ್ಬರೆಂದರೆ ನೋಜಲ್ಲು ಬಿದ್ದುಹೋದ ಪಂಪು. ಹೊರಗಿನ ಸ್ಪ್ರಿಂಗು ಎಷ್ಟೇ ಹೊಳೆಯುತ್ತಿರಲಿ, ಬೈಕು ಕುದುರೆಯಂತೆ ಕುಣಿಯುತ್ತದೆ.

ನಮ್ಮವರು ಸ್ಪ್ರಿಂಗಿನ ಬಗ್ಗೆ ಯೋಚಿಸುವ ರೀತಿ ಬಂದದ್ದು ಜೀಪಿನಿಂದ ಎಂದು ನನ್ನ ಊಹೆ. ಜೀಪು ಕೂತರೆ ಕಮಾನಿಗೆ ಇನ್ನೊಂದು ಪ್ಲೇಟು ಸೇರಿಸು ಎಂಬುದು ಮಲೆನಾಡಿನ ಹಳೆಯ ಔಷಧ. ಜೀಪಿಗೆ ಅದು ಒಂದು ಮಟ್ಟಿಗೆ ನಡೆಯುತ್ತದೆ, ಯಾಕೆಂದರೆ ಕಮಾನಿನ ಪ್ಲೇಟುಗಳು ಒಂದರ ಮೇಲೊಂದು ಉಜ್ಜುವುದರಿಂದ ಕುಣಿತ ತನ್ನಷ್ಟಕ್ಕೆ ಸ್ವಲ್ಪ ತಗ್ಗುತ್ತದೆ. ಬೈಕಿನ ಸುರುಳಿ ಸ್ಪ್ರಿಂಗಿನಲ್ಲಿ ಹಾಗೆ ಉಜ್ಜುವ ಭಾಗವೇ ಇಲ್ಲ. ಅದರ ಕುಣಿತಕ್ಕೆ ಕಡಿವಾಣ ಎಣ್ಣೆಯೊಂದೇ. ಸ್ಪ್ರಿಂಗನ್ನು ಮಾತ್ರ ಗಟ್ಟಿ ಮಾಡಿ ಎಣ್ಣೆಯ ಕಡೆ ನೋಡದಿದ್ದರೆ ಕುದುರೆಗೆ ಹುರುಳಿ ಹಾಕಿ ಲಗಾಮು ಬಿಚ್ಚಿದ ಹಾಗೆ.

ಇದಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇನ್ನೊಂದಿದೆ. ಸಸ್ಪೆನ್ಷನ್ ಎಂದರೆ ಚಕ್ರವು ಮೇಲಕ್ಕೆ ಹೋಗುವುದು ಎಂದೇ ಎಲ್ಲರೂ ತಿಳಿದಿದ್ದಾರೆ. ಅದರ ಅರ್ಧ ಕೆಲಸ ಕೆಳಕ್ಕೆ. ಗುಂಡಿ ಬಂದಾಗ ಚಕ್ರವು ಅದರೊಳಕ್ಕೆ ಇಳಿಯಬೇಕು, ನೆಲವನ್ನು ಬಿಡಕೂಡದು. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಚಕ್ರ ಕೆಳಗಿಳಿಯಬೇಕಾದರೆ ಸವಾರ ಕೂತಾಗಲೇ ಸ್ಪ್ರಿಂಗು ಸ್ವಲ್ಪ ಕುಗ್ಗಿರಬೇಕು. ಒಟ್ಟು ಓಟದ ಮೂರನೆಯ ಒಂದು ಭಾಗದಷ್ಟು ಕುಗ್ಗಿದ್ದರೆ ಒಳ್ಳೆಯದೆಂದು ಬಲ್ಲವರ ಲೆಕ್ಕ. ಹಿಂದಿನ ಚಕ್ರದ ಓಟ 90 ಮಿಲಿಮೀಟರ್ ಇದ್ದರೆ ನೀವು ಕೂತಾಗ 30 ಮಿಲಿಮೀಟರ್ ಇಳಿಯಬೇಕು.

ಇದನ್ನು ಅಳೆಯಲು ಗ್ಯಾರೇಜು ಬೇಡ, ಟೇಪು ಸಾಕು. ಬೈಕನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರ ನೆಲದಿಂದ ಪೂರಾ ಎದ್ದು ನೇತಾಡುವಂತೆ ಮಾಡಿ. ಚಕ್ರದ ಆಕ್ಸಲಿನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತು ಹಾಕಿ ಅಳತೆ ಬರೆದುಕೊಳ್ಳಿ. ಆಮೇಲೆ ಸ್ಟ್ಯಾಂಡು ಇಳಿಸಿ, ನೀವು ಯಾವಾಗಲೂ ಕೂರುವ ಹಾಗೆ ಕೂತು, ಮನೆಯವರಿಂದ ಅದೇ ಗುರುತಿನಿಂದ ಅಳತೆ ತೆಗೆಸಿ. ಎರಡಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಕುಗ್ಗು. ಆಮೇಲೆ ಗೊಬ್ಬರದ ಚೀಲ ಕಟ್ಟಿ ಮತ್ತೊಮ್ಮೆ ಅಳೆಯಿರಿ. ಐದು ನಿಮಿಷದ ಈ ಕೆಲಸ ಮಾಡದೆ ಹೊಸ ಸಾಮಾನಿಗೆ ದುಡ್ಡು ಕೊಡುವುದು, ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯುವುದಕ್ಕೆ ಸಮ. (ಅದನ್ನೂ ನಾವು ಮಾಡುತ್ತಲೇ ಇದ್ದೇವೆ, ಆ ಮಾತು ಬೇರೆ.)

ಚೀಲದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಯೂರಿಯಾ ಚೀಲ 2018ರಿಂದ 45 ಕಿಲೋ ಆಯಿತು, ಕಾಫಿ ಚೀಲ 50 ಕಿಲೋ. ಬೈಕಿನ ಎರಡು ಆಕ್ಸಲುಗಳ ನಡುವಿನ ದೂರ 1250 ಮಿಲಿಮೀಟರ್ ಎನ್ನಿ. ಕ್ಯಾರಿಯರಿನ ಮೇಲಿನ ಚೀಲದ ನಡುಮಧ್ಯ ಹಿಂದಿನ ಆಕ್ಸಲಿಗಿಂತ 200 ಮಿಲಿಮೀಟರ್ ಹಿಂದಿದೆ ಎನ್ನಿ. ಆಗ 50 ಕಿಲೋ ಚೀಲವು ಹಿಂದಿನ ಚಕ್ರದ ಮೇಲೆ 58 ಕಿಲೋ ಭಾರ ಹಾಕಿ, ಮುಂದಿನ ಚಕ್ರದಿಂದ 8 ಕಿಲೋ ಎತ್ತಿಬಿಡುತ್ತದೆ. ಏರಿನಲ್ಲಿ ಹ್ಯಾಂಡಲ್ಲು ತೇಲಿದಂತೆ ಆಗುವುದು ಇದರಿಂದ. ಈ ತೇಲಾಟಕ್ಕೆ ಮುಂದಿನ ಫೋರ್ಕನ್ನು ದೂರುತ್ತಾರೆ, ಫೋರ್ಕು ಪಾಪ ಏನೂ ಮಾಡಿಲ್ಲ. ಅದೇ ಚೀಲವನ್ನು ಒಂದು ಗೇಣು ಮುಂದಕ್ಕೆ, ಸೀಟಿನ ಹಿಂಭಾಗಕ್ಕೆ ಸರಿಸಿ ಕಟ್ಟಿದರೆ ಕಾಸು ಖರ್ಚಿಲ್ಲದೆ ತೊಂದರೆಯ ಬಹುಭಾಗ ಕಳೆಯುತ್ತದೆ.

ಇನ್ನು ಹಿಂದಿನ ಸ್ಪ್ರಿಂಗಿನ ಬುಡದಲ್ಲಿರುವ ಮೆಟ್ಟಿಲುಗಳುಳ್ಳ ಬಳೆ. ಬಹಳಷ್ಟು ಬೈಕುಗಳಲ್ಲಿ ಅದಕ್ಕೆ ಐದು ಮೆಟ್ಟಿಲು, ತಿರುಗಿಸುವ ಸ್ಪ್ಯಾನರನ್ನು ಕಂಪನಿಯವರೇ ಬೈಕಿನ ಜೊತೆ ಕೊಟ್ಟಿರುತ್ತಾರೆ. ಇದನ್ನು ಏರಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂದು ಮೆಕ್ಯಾನಿಕ್ಕುಗಳೂ ಹೇಳುವುದುಂಟು. ಹಾಗಲ್ಲ. ಸ್ಪ್ರಿಂಗಿನ ಗಟ್ಟಿತನ ಅದರ ತಂತಿ ಮತ್ತು ಸುರುಳಿಯಲ್ಲಿದೆ, ಅದು ಬದಲಾಗುವುದಿಲ್ಲ. ಬಳೆ ಏರಿಸಿದಾಗ ಆಗುವುದೇನೆಂದರೆ ಭಾರಕ್ಕೆ ಕೂತ ಬೈಕು ಮತ್ತೆ ತನ್ನ ಎತ್ತರಕ್ಕೆ ಏಳುತ್ತದೆ, ಅಂದರೆ ಆ ಮೂರನೆಯ ಒಂದು ಭಾಗದ ಲೆಕ್ಕ ಸರಿಹೋಗುತ್ತದೆ. ಚೀಲ ಕಟ್ಟಿದಾಗ ನಾಲ್ಕಕ್ಕೋ ಐದಕ್ಕೋ ಏರಿಸಬೇಕು, ಖಾಲಿ ಬರುವಾಗ ಇಳಿಸಬೇಕು, ಎರಡೂ ಬದಿ ಒಂದೇ ಮೆಟ್ಟಿಲಿನಲ್ಲಿರಬೇಕು. ಕೆಲಸ ಇಷ್ಟೇ. ಆದರೆ ಕಳೆದ ತಿಂಗಳು ಸಂಘದ ಅಂಗಳದಲ್ಲಿ ನಿಂತಿದ್ದ ಬೈಕುಗಳ ಬಳೆಯನ್ನು ಕುತೂಹಲಕ್ಕೆ ಬಗ್ಗಿ ನೋಡುತ್ತಾ ಹೋದೆ. ಹೆಚ್ಚಿನವು ಷೋರೂಮಿನಿಂದ ಬಂದ ಮೆಟ್ಟಿಲಿನಲ್ಲಿಯೇ ಕೆಂಪು ಮಣ್ಣು, ತುಕ್ಕು ಕಟ್ಟಿ ಕೂತಿದ್ದವು. ಒಂದರಲ್ಲಿ ಎಡಕ್ಕೆ ಎರಡು, ಬಲಕ್ಕೆ ನಾಲ್ಕು. ಸಾಲದ ಅರ್ಜಿಗೆ ಸಹಿ ಹಾಕಿದವರ ಬೈಕುಗಳೂ ಅಲ್ಲಿದ್ದವು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಬಳೆಯನ್ನು ಪೂರಾ ಏರಿಸಿಯೂ ಚೀಲದ ಭಾರಕ್ಕೆ ಬೈಕು ಅರ್ಧಕ್ಕಿಂತ ಹೆಚ್ಚು ಕೂತರೆ ಆಗ ಮಾತ್ರ ಗಟ್ಟಿ ಸ್ಪ್ರಿಂಗಿನ ಪ್ರಶ್ನೆ. ಇಲ್ಲಿಯೂ ಎಚ್ಚರ ಬೇಕು. ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. ಏಳು ಮಿಲಿಮೀಟರ್ ತಂತಿಯ ಬದಲು ಎಂಟರದ್ದನ್ನು ಅದೇ ಅಳತೆಯ ಸುರುಳಿ ಮಾಡಿ ಹಾಕಿದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಮಿಲಿಮೀಟರ್, ಗಟ್ಟಿತನದ ವ್ಯತ್ಯಾಸ ನೂರಕ್ಕೆ ಎಪ್ಪತ್ತು. ಪೇಟೆಯಲ್ಲಿ 'ಹೆವಿ ಡ್ಯೂಟಿ' ಎಂದು ಕೊಡುವಾಗ ಯಾರೂ ಈ ಲೆಕ್ಕ ಹೇಳುವುದಿಲ್ಲ. ಹಳೆಯ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿ ಗಟ್ಟಿ ಮಾಡಿಕೊಡುವವರೂ ಇದ್ದಾರೆ. ಸುತ್ತು ಕಡಿಮೆಯಾದರೆ ಗಟ್ಟಿಯಾಗುವುದು ನಿಜವಾದರೂ ಕತ್ತರಿಸಿದ ತುದಿ ಸಮನಾಗಿ ಕೂರದೆ ಓರೆಯಾಗಿ ತಳ್ಳುತ್ತದೆ. ಅವರ ಹತ್ತಿರಕ್ಕೂ ಹೋಗಬೇಡಿ.

ಗಟ್ಟಿ ಸ್ಪ್ರಿಂಗಿನ ತಾಪತ್ರಯ ಇರುವುದು ಭಾರ ಹೊತ್ತು ಹೋಗುವಾಗಲ್ಲ, ಖಾಲಿ ಹಿಂತಿರುಗುವಾಗ. ನಮ್ಮ ಸದಸ್ಯರೊಬ್ಬರು ಕಳೆದ ಮಳೆಗಾಲದಲ್ಲಿ ಚೀಲ ಇಳಿಸಿ ಒಬ್ಬರೇ ಬರುತ್ತಿದ್ದಾಗ ತೋಟದ ಇಳಿಜಾರಿನಲ್ಲಿ ಬಿದ್ದು ಕೊರಳ ಎಲುಬು ಮುರಿದುಕೊಂಡರು. ಎರಡು ತಿಂಗಳು ಕೊಳೆರೋಗದ ಔಷಧಿ ಹೊಡೆಸಲು ನಿಲ್ಲಲಾಗಲಿಲ್ಲ. ಅದರ ನಷ್ಟ ಆಸ್ಪತ್ರೆಯ ಬಿಲ್ಲಿಗಿಂತ ದೊಡ್ಡದು. ಅವರ ಬೈಕಿಗೆ ಅದೇ ಬೇಸಿಗೆಯಲ್ಲಿ ದಪ್ಪ ಸ್ಪ್ರಿಂಗು ಹಾಕಿಸಿದ್ದರು. ಕೂತರೆ ಒಂದಿಷ್ಟೂ ಇಳಿಯುತ್ತಿರಲಿಲ್ಲ, ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು. ಹಾವಸೆ ಕಟ್ಟಿದ ಜಂಬಿಟ್ಟಿಗೆಯ ಮೇಲೆ ಹಿಂದಿನ ಚಕ್ರ ಹಾರಿ ಹಾರಿ ಬಂದರೆ ಬ್ರೇಕು ಒತ್ತಿದ ಕೂಡಲೇ ಚಕ್ರ ಕಚ್ಚಿಕೊಂಡು ಜಾರುತ್ತದೆ. ಅಪಘಾತಕ್ಕೆ ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಟೈರೂ ಸವೆದಿತ್ತು. ಆದರೆ ಆ ಸ್ಪ್ರಿಂಗು ಸಹಾಯವನ್ನಂತೂ ಮಾಡಲಿಲ್ಲ.

ಮುಂದಿನ ಫೋರ್ಕಿನ ಕಥೆ ಬೇರೆ. ಅಲ್ಲಿ ನಮ್ಮ ಶತ್ರು ಭಾರವಲ್ಲ, ಮಳೆ. ಎಣ್ಣೆಯಿಂದ ಕುಣಿತ ತಗ್ಗಿಸುವ ಕೊಳವೆ ಫೋರ್ಕು ಜರ್ಮನಿಯ ಬಿಎಂಡಬ್ಲ್ಯೂ ಕಂಪನಿಯ ಮಾರಾಟದ ಬೈಕಿನಲ್ಲಿ 1935ರಷ್ಟು ಹಿಂದೆಯೇ ಬಂತು. ಇಂದಿಗೂ ನಮ್ಮ ಸಾದಾ ಬೈಕುಗಳಲ್ಲಿ ಇರುವುದು ಅದರದೇ ವಂಶ. ಒಳಗಿನ ಎಣ್ಣೆ ಲೋಹದ ಪುಡಿ, ತೇವ ಸೇರಿ ಕಾಲಕ್ರಮೇಣ ಬೂದು ಬಣ್ಣಕ್ಕೆ ತಿರುಗಿ ನೀರಾಗುತ್ತದೆ. ಇಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರು ಫೋರ್ಕಿನಲ್ಲಿ ಎಣ್ಣೆ ಇದೆಯೆಂಬುದನ್ನೇ ಮರೆತಿರುತ್ತಾರೆ. ಕಂಪನಿಯ ಪುಸ್ತಕದಲ್ಲಿ ಹೇಳಿರುವ ಅವಧಿ ಟಾರು ರಸ್ತೆಯವರಿಗೆ. ಕೆಸರಿನಲ್ಲಿ ಮುಳುಗೇಳುವ ನಮಗೆ ವರ್ಷಕ್ಕೊಮ್ಮೆ, ಮಳೆ ಬಿಟ್ಟ ಮೇಲೆ ಬದಲಿಸುವುದು ಲೇಸು. ಎರಡೂ ಕಾಲಿಗೆ ಪುಸ್ತಕದಲ್ಲಿ ಹೇಳಿದಷ್ಟೇ, ಹೇಳಿದ ದರ್ಜೆಯದ್ದೇ ಎಣ್ಣೆ ಹಾಕಿಸಿ. ಇನ್ನೂ ಗಟ್ಟಿಯಾಗಲಿ ಎಂದು ಮಂದ ಎಣ್ಣೆ ಸುರಿದರೆ ಸಾಲುಗುಂಡಿಗಳಲ್ಲಿ ಫೋರ್ಕು ಒಂದು ಗುಂಡಿಯಿಂದ ಮೇಲೇಳುವ ಮೊದಲೇ ಇನ್ನೊಂದು ಬಂದು, ಕೂತೇ ಹೋಗಿ ಕೈಗೆ ನೇರ ಹೊಡೆಯುತ್ತದೆ. ಹೆಚ್ಚು ಸುರಿದರೆ ಮೇಲಿನ ಗಾಳಿಯ ಜಾಗ ಕಿರಿದಾಗಿ ಆಯಿಲ್ ಸೀಲು ಕಿತ್ತು ಬರುತ್ತದೆ.

ಮುಂಭಾಗ ತೀರ ಇಳಿಯುತ್ತದೆ ಎನ್ನುವವರು ಹೊಸ ಸ್ಪ್ರಿಂಗು ಕೊಳ್ಳುವ ಮೊದಲು ಫೋರ್ಕಿನ ಮೇಲಿನ ಮುಚ್ಚಳದ ಕೆಳಗೆ, ಸ್ಪ್ರಿಂಗಿನ ತಲೆಯ ಮೇಲೆ, ಹತ್ತು ಹದಿನೈದು ಮಿಲಿಮೀಟರ್ ಉದ್ದದ ಗಟ್ಟಿ ಪಿವಿಸಿ ಪೈಪಿನ ತುಂಡನ್ನು ವಾಷರ್ ಸಮೇತ ಇಡಿಸಿ ನೋಡಲಿ. ಎರಡು ತುಂಡೂ ಒಂದೇ ಉದ್ದವಿರಬೇಕು, ಗರಗಸದ ಕೊಯ್ತ ಓರೆಯಾಗಿರಬಾರದು. ಸ್ಪ್ರಿಂಕ್ಲರ್ ಪೈಪಿನ ತುಂಡು ಯಾರ ಮನೆಯ ಕೊಟ್ಟಿಗೆಯಲ್ಲಿಲ್ಲ! ಮುಚ್ಚಳ ಬಿಚ್ಚುವಾಗ ಸ್ಪ್ರಿಂಗು ಎಗರುತ್ತದೆ, ಆದ್ದರಿಂದ ಈ ಕೆಲಸ ತಿಳಿದವರ ಕೈಯಲ್ಲೇ ಆಗಲಿ.

ನನ್ನನ್ನು ಕೇಳಿದರೆ ಮಲೆನಾಡಿನ ಬೈಕಿಗೆ ಎಲ್ಲಕ್ಕಿಂತ ಒಳ್ಳೆಯ ಸುಧಾರಣೆ ಎಂದರೆ ಫೋರ್ಕಿನ ನಳಿಕೆಗೆ ಹಾಕುವ ರಬ್ಬರ್ ತೊಗಲು. ಹಳೆಯ ಬೈಕುಗಳ ನಳಿಕೆಗೆ ತಗಡಿನದೋ ರಬ್ಬರಿನದೋ ಮುಚ್ಚಿಗೆ ಇರುತ್ತಿತ್ತು. ಅಂದಕ್ಕಾಗಿ ಅದನ್ನು ತೆಗೆದರು. ಈಗ ಬರಿಯ ನಳಿಕೆಗೆ ಕೆಸರು ಮೆತ್ತಿ, ಒಣಗಿ, ಮರಳು ಕಾಗದದಂತೆ ಸೀಲನ್ನು ಕೊರೆಯುತ್ತದೆ. ತೊಗಲು ಹಾಕಿದ ಮೇಲೂ ತಿಂಗಳಿಗೊಮ್ಮೆ ಎತ್ತಿ ಒರೆಸಬೇಕು, ಇಲ್ಲದಿದ್ದರೆ ಒಳಗೆ ನಿಂತ ತೇವಕ್ಕೆ ನಳಿಕೆ ತುಕ್ಕು ಹಿಡಿಯುತ್ತದೆ.

ಈಗ ಗ್ಯಾಸಿನ ವಿಷಯಕ್ಕೆ ಬರೋಣ. ಅದು ಮೋಸವಲ್ಲ. ಎಣ್ಣೆ ಬಿಸಿಯಾಗಿ, ಗಾಳಿ ಬೆರೆತು ನೊರೆಯೇಳದಂತೆ ನೈಟ್ರೋಜನ್ ಅನಿಲ ಒತ್ತಡ ಹಾಕಿ ಹಿಡಿದಿರುತ್ತದೆ. ಗಂಟೆಗಟ್ಟಲೆ ಕಲ್ಲು ದಾರಿಯಲ್ಲಿ ವೇಗವಾಗಿ ಓಡಿಸುವವರಿಗೆ ಅದರ ಉಪಯೋಗ ನಿಜವಾಗಿ ತಿಳಿಯುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ ಎರಡನೇ ಗೇರಿನಲ್ಲಿ ಹೋಗಿ ಬರುವ ನಮಗೆ ನೊರೆಯೇಳುವಷ್ಟು ಅವಕಾಶವೇ ಸಿಗುವುದಿಲ್ಲ. ಹಳೆಯ ಶಾಕ್ ಅಬ್ಸಾರ್ಬರು ಸತ್ತಿದ್ದರೆ ಬದಲಿಸಲೇಬೇಕು, ಸಾದಾ ಬೈಕಿನವು ಬಿಚ್ಚಿ ರಿಪೇರಿ ಮಾಡುವಂಥವಲ್ಲ. ಸೀಟನ್ನು ಒತ್ತಿ ಬಿಟ್ಟಾಗ ಒಮ್ಮೆ ಎದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ, ಅಥವಾ ದಂಡದ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯಿರಿ. ಆಗ ಕಂಪನಿಯದೇ ಹೊಸ ಜೊತೆ ಹಾಕಿಸಿ. ದಿನವೂ ಭಾರ ಹೊರುವವರು, ಎಣ್ಣೆಯ ಬಿಗಿಯೂ ಸ್ಪ್ರಿಂಗಿಗೆ ಹೊಂದುವಂಥ ಒಂದು ದರ್ಜೆ ಮೇಲಿನದನ್ನು ಹಾಕಿಸಿಕೊಳ್ಳಲಿ. ಉದ್ದ ಮಾತ್ರ ಹಳೆಯದರಷ್ಟೇ ಇರಲಿ. ಉದ್ದದ್ದು ಹಾಕಿ ಹಿಂಭಾಗ ಎತ್ತಿದರೆ ಮುಂದಿನ ಫೋರ್ಕಿನ ಓರೆ ಬದಲಾಗಿ ಹ್ಯಾಂಡಲ್ಲು ಚಂಚಲವಾಗುತ್ತದೆ, ಚೈನಿನ ಸಡಿಲ ಬದಲಾಗುತ್ತದೆ, ಬದಿಯ ಸ್ಟ್ಯಾಂಡಿನ ಮೇಲೆ ಬೈಕು ನಿಲ್ಲದೆ ವಾಲುತ್ತದೆ. ನೋಂದಣಿ ಪುಸ್ತಕದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿಷೇಧಿಸುತ್ತದೆ. ಅದೇ ಅಳತೆಯ ಬಿಡಿಭಾಗ ಬದಲಿಸುವುದಕ್ಕೂ, ಚಾಸಿಸ್ಸು ಕತ್ತರಿಸಿ ಬೇರೆ ಬೈಕಿನ ಹಿಂಭಾಗ ಬೆಸೆಯುವುದಕ್ಕೂ ಬಹಳ ಅಂತರವಿದೆ. ಎರಡನೆಯದನ್ನು ಮಾಡುವ ವೆಲ್ಡಿಂಗ್ ಷಾಪುಗಳು ನಮ್ಮ ಸುತ್ತಮುತ್ತ ಇವೆ ಎಂಬುದು ಮಂಡಳಿಗೆ ತಿಳಿಯದ ಸಂಗತಿಯಲ್ಲ.

ಸ್ಪ್ರಿಂಗು ಗಟ್ಟಿಯಾದ ಮಾತ್ರಕ್ಕೆ ಬೈಕಿನ ಯೋಗ್ಯತೆ ಹೆಚ್ಚುವುದಿಲ್ಲವೆಂಬುದನ್ನೂ ಹೇಳಬೇಕು. ನಮ್ಮ ಸಣ್ಣ ಬೈಕುಗಳು ಹೊರಬಹುದಾದ ಭಾರ, ಸವಾರನೂ ಸೇರಿ, ಸುಮಾರು 130 ಕಿಲೋ ಆಸುಪಾಸು. ಸವಾರ 65, ಚೀಲ 50, ಒಟ್ಟು 115. ಎರಡನೆಯ ಚೀಲ ಇಟ್ಟರೆ 165. ಹಿಂಭಾಗ ಕೂರದಿದ್ದರೆ ಎರಡು ಚೀಲ ಆಗುತ್ತದೆ ಎಂಬ ಧೈರ್ಯ ಬರುತ್ತದೆ, ಆದರೆ ಬ್ರೇಕಿನ ಡ್ರಮ್ಮು, ಟೈರು, ಚಕ್ರದ ಕಡ್ಡಿಗಳು ಮೊದಲಿನವೇ. ಕೂರುವ ಬೈಕು ನಮಗೆ ಎಚ್ಚರಿಕೆ ಹೇಳುತ್ತಿತ್ತು, ಆ ಬಾಯಿಯನ್ನೂ ಮುಚ್ಚಿಸಿದಂತಾಯಿತು.

ಅರ್ಜಿದಾರ ಮಿತ್ರರು ನನ್ನ ಮೇಲೆ ಮುನಿಸಿಕೊಳ್ಳಬಹುದು. ಬೇರೆಯವರ ಮಕ್ಕಳು ಎರಡು ಲಕ್ಷದ ಬೈಕು ಓಡಿಸುವಾಗ ನಾವು ಪಿವಿಸಿ ತುಂಡು ಇಟ್ಟುಕೊಳ್ಳಬೇಕೇ ಎಂದು ಒಬ್ಬರು ಕೇಳಿಯೂ ಕೇಳಿದರು. ಮಾರ್ಕೆಟ್ಟಿನಲ್ಲಿ ಇನ್ನೂರು ಮಿಲಿಮೀಟರ್ ಓಟದ ಫೋರ್ಕಿನ ಬೈಕುಗಳು ಬಂದಿವೆ ನಿಜ, 2016ರಲ್ಲಿ ಬಂದ ಹಿಮಾಲಯನ್ ಅಂಥದ್ದು. ಕೊಳ್ಳುವ ಶಕ್ತಿ ಇದ್ದವರು ಸಂತೋಷವಾಗಿ ಕೊಳ್ಳಲಿ. ಆದರೆ ನೂರು ಸಿಸಿ ಬೈಕಿಗೆ ಆ ಓಟವನ್ನು ಸಾಲದ ದುಡ್ಡಿನಲ್ಲಿ ತಂದು ಕೂರಿಸಲು ಬರುವುದಿಲ್ಲ. ಪಲ್ಪರಿನ ಸಾಲ ಕಾಫಿಯಲ್ಲಿ ತೀರುತ್ತದೆ. ಶಾಕ್ ಅಬ್ಸಾರ್ಬರಿನ ಸಾಲ ತೀರುವ ಮೊದಲೇ ಶಾಕ್ ಅಬ್ಸಾರ್ಬರೇ ತೀರುತ್ತದೆ.

ಆದುದರಿಂದ ಸಾಲದ ಬದಲಿಗೆ ಮಂಡಳಿಯ ಮುಂದೆ ನಾನು ಇಡುವ ಸಲಹೆ ಹೀಗಿದೆ. ಸಂಘದ ಮಾರಾಟ ಮಳಿಗೆಯಲ್ಲಿ ಪಂಪಿನ ವಾಷರು, ನೋಜಲ್ಲುಗಳ ಪಕ್ಕದಲ್ಲಿ ಫೋರ್ಕ್ ಆಯಿಲ್, ಆಯಿಲ್ ಸೀಲು, ಧೂಳಿನ ಸೀಲು, ರಬ್ಬರ್ ತೊಗಲು, ಸ್ವಿಂಗ್ ಆರ್ಮಿನ ಬುಷ್ಷು ಇವಿಷ್ಟನ್ನು ಸಗಟು ದರದಲ್ಲಿ ತರಿಸಿಡುವುದು. ಮಳೆ ಬಿಟ್ಟು ಅಡಿಕೆ ಕೊಯ್ಲು ಶುರುವಾಗುವ ಮೊದಲು ಎರಡು ದಿನ ಪೇಟೆಯಿಂದ ಒಬ್ಬ ಒಳ್ಳೆಯ ಮೆಕ್ಯಾನಿಕ್ಕನ್ನು ಸಂಘದ ಗೋದಾಮಿನ ಅಂಗಳಕ್ಕೆ ಕರೆಸಿ, ಬಂದ ಬೈಕುಗಳ ಕುಗ್ಗು ಅಳೆದು, ತುಕ್ಕು ಹಿಡಿದ ಬಳೆ ಬಿಡಿಸಿ, ಎಣ್ಣೆ ಬದಲಿಸಿ ಕಳಿಸುವುದು. ಕೂಲಿ ಸದಸ್ಯರದು, ಜಾಗ ಮತ್ತು ಚಹಾ ಸಂಘದ್ದು.

ಸೀಲು ಎಲ್ಲ ಬೈಕಿಗೂ ಒಂದೇ ಅಳತೆಯದಲ್ಲ. ಬೇಕೆನ್ನುವ ಸದಸ್ಯರು ತಮ್ಮ ಬೈಕಿನ ಹೆಸರು, ಕೊಂಡ ವರ್ಷ, ಫೋರ್ಕಿನ ನಳಿಕೆಯ ವ್ಯಾಸ, ಹಿಂದಿನ ಶಾಕ್ ಅಬ್ಸಾರ್ಬರಿನ ಎರಡು ಬೋಲ್ಟುಗಳ ನಡುವಿನ ಉದ್ದ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಸದಸ್ಯತ್ವದ ಸಂಖ್ಯೆ ಸಹಿತ, ಮುಂದಿನ ಮಂಡಳಿ ಸಭೆಗೆ ಮೊದಲು ಗುಮಾಸ್ತರ ಕೈಗೆ ಕೊಡತಕ್ಕದ್ದು. ವ್ಯಾಸ ಅಳೆಯುವ ಕ್ಯಾಲಿಪರ್ ಕಚೇರಿಯಲ್ಲಿದೆ, ಬೈಕು ತಂದರೆ ನಾವೇ ಅಳೆದು ಬರೆದುಕೊಳ್ಳುತ್ತೇವೆ.